"ಪ್ರಾರ್ಥನೆ ಮಾಡಿದ್ನಾ ನಾನು?"

(ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದೀನಿ.)

ನನ್ನ ಹತ್ರ ಸಲಹೆ ಕೇಳಕ್ಕೆ ಬಂದವರು ಮಗ, ಐವತ್ತರ ಆಸುಪಾಸು. ತಾಯಿಗೆ 79, ಆಲ್ಝೈಮರ್ (ನೆನಪು ಮೆಲ್ಲಗೆ ಅಳಿಸೋ ಮಿದುಳಿನ ಕಾಯಿಲೆ) ಅಂತ ಗೊತ್ತಾಗಿ 4 ವರ್ಷ. ಊಟ, ಸ್ನಾನ, ಮಾತ್ರೆ ಎಲ್ಲಾ ಹೇಗೋ ನಡೀತಿದೆ, ಆದ್ರೆ ಸಂಜೆ ಆದ್ರೆ ಸಾಕು "ಪ್ರಾರ್ಥನೆ ಮಾಡಿದ್ನಾ ನಾನು? ದೇವರಿಗೆ ಕೋಪ ಬಂದಿದೆ" ಅಂತ ಶುರು, ಇವರು "ಆಗ್ಲೇ ಮಾಡಿದ್ಯಲ್ಲಮ್ಮ" ಅಂತಾರೆ, ಐದು ನಿಮಿಷಕ್ಕೆ ಮತ್ತೆ ಅದೇ, ಒಂದಿನ ತಡ್ಕೊಳಕ್ಕಾಗದೆ ಕೂಗಾಡಿಬಿಟ್ರಂತೆ, ಅಮ್ಮ ಮೂಲೇಲಿ ಕೂತು ಅತ್ರಂತೆ. ಆಮೇಲೆ ಮೆಲ್ಲಗೆ, "ಮೇಡಂ, ನನಗೆ ದೇವರಲ್ಲಿ ನಂಬಿಕೆ ಇಲ್ಲ. ಅವಳ ಜೊತೆ ಕೈಮುಗಿದು ಕೂತ್ರೆ ನಾಟಕ ಆಗಲ್ವಾ?"

ನಾನು ಮೊದ್ಲು ಕೇಳಿದ್ದು ದೇವರ ವಿಷಯ ಅಲ್ಲ. ಈ ಚಡಪಡಿಕೆ ಇದ್ದಕ್ಕಿದ್ದಂಗೆ ಜಾಸ್ತಿ ಆಯ್ತಾ ಅಂತ. ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ನೋವು, ಇವನ್ನ ಬಾಯಿಬಿಟ್ಟು ಹೇಳಕ್ಕಾಗದೆ ಹೀಗಾಡ್ತಾರೆ, ಹಾಗಿದ್ರೆ ಮೊದ್ಲು ಡಾಕ್ಟರ್ ನೋಡ್ಬೇಕು. ಇಲ್ಲ, ತಿಂಗಳುಗಳಿಂದ ಹೀಗೇ, ಸಂಜೆ ಮಾತ್ರ ಅಂದ್ರು. ಹೊತ್ತು ಇಳೀತಿದ್ದಂಗೆ ಗೊಂದಲ ಏರೋದು ಈ ಕಾಯಿಲೇಲಿ ಮಾಮೂಲು.

ಮಿದುಳಲ್ಲಿ ಹೊಸ ನೆನಪು ಕೂಡಿಡೋ ಭಾಗವಾದ ಹಿಪೊಕ್ಯಾಂಪಸ್‌ಗೆ ಆಲ್ಝೈಮರ್ ಶುರುವಲ್ಲೇ ಏಟು ಕೊಡುತ್ತೆ, ಅದಕ್ಕೇ ಹತ್ತು ನಿಮಿಷದ ಹಿಂದಿನ ಪ್ರಾರ್ಥನೆ ಅಮ್ಮನ ಪಾಲಿಗೆ ನಡೆದೇ ಇಲ್ಲ. ಚಿಕ್ಕಂದಿನಲ್ಲಿ ರಾಗವಾಗಿ ಬಾಯಿಪಾಠ ಆಗಿದ್ದು ಮಾತ್ರ ಎಷ್ಟೋ ಜನಕ್ಕೆ ಬಹಳ ಕಾಲ ಉಳ್ಕೊಳುತ್ತೆ. "ಮಾಡಿದ್ಯಲ್ಲ" ಅನ್ನೋದು ಲೆಕ್ಕ ಒಪ್ಪಿಸಿದಂಗೆ. ಅಮ್ಮ ಲೆಕ್ಕ ಕೇಳ್ತಿಲ್ಲ, ದೇವರು ಕೈಬಿಟ್ಟನಾ ಅಂತ ಹೆದರಿದಾರೆ.

ಹೇಳಿದ್ದು ಇಷ್ಟು. ಕತ್ತಲಾಗೋ ಮುಂಚೆ ಲೈಟ್ ಹಾಕಿ, ಟಿವಿ ಆಫ್ ಮಾಡಿ, ಪಕ್ಕದಲ್ಲಿ ಕೂತು ಅಮ್ಮಂಗೆ ಗೊತ್ತಿರೋ ಪ್ರಾರ್ಥನೆಯ ಮೊದಲ ಸಾಲು ಎತ್ಕೊಡಿ, ಎರಡೇ ನಿಮಿಷ ಸಾಕು, ಪದ ತಪ್ಪಿದ್ರೆ ತಿದ್ದಬೇಡಿ. ಮತ್ತೆ ಕೇಳಿದ್ರೆ ಮತ್ತೆ ಮಾಡಿ. ಕೋಪ ಬಂದಿದೆ ಅಂದ್ರೆ ವಾದಕ್ಕಿಳೀಬೇಡಿ, "ಭಯ ಆಯ್ತೇನಮ್ಮ, ನಾನಿದೀನಿ" ಅನ್ನಿ. ನಾಟಕದ ಮಾತಿಗೆ, ನೀವು ಕೈಮುಗಿಯೋದೇ ಬೇಡ, ಅಮ್ಮನ ಕೈ ಹಿಡ್ಕೊಂಡು ಕೂರಿ, ಅದರಲ್ಲಿ ಸುಳ್ಳೇನಿದೆ ಅಂದೆ. (ಇದರ ಉಲ್ಟಾನೂ ನೋಡಿದೀನಿ, ಜೀವಮಾನದಲ್ಲಿ ಪ್ರಾರ್ಥನೆ ಮಾಡದವರಿಗೆ ಈಗ ಭಕ್ತಿ ಹೇರೋದು. ಅಂಥವರಿಗೆ ಗಿಡಕ್ಕೆ ನೀರು ಹಾಕೋದೋ ಹಳೇ ಹಾಡೋ ಅದೇ ಕೆಲಸ ಮಾಡುತ್ತೆ.)

ಮೂರು ವಾರ ಬಿಟ್ಟು ಬಂದ್ರು. ಪ್ರಶ್ನೆ ನಿಂತಿಲ್ಲ, ಒಂದಿನ ಎರಡು ಸಲ, ಒಂದಿನ ಆರು. ಕೂಗಾಟ ನಿಂತಿದೆ. ಅಕ್ಕ ವಾರಕ್ಕೆ ಎರಡು ಸಂಜೆ ಬರೋಕೆ ಒಪ್ಪಿದಾರೆ. ಇವರ ಕಣ್ಣು ಮಾತ್ರ ಕೆಂಪಗೇ ಇತ್ತು, ಮುಂದಿನ ಸಲ ಇವರ ನಿದ್ದೆ ಬಗ್ಗೆನೇ ಮಾತಾಡೋಣ ಅಂತ ಟೈಮ್ ಕೊಟ್ಟಿದೀನಿ.