ಏರೋಪ್ಲೇನ್ ಚಿಟ್ಟೆಯ ಮರಿಯೊಳಗಿನ ಬಿಳಿ ಗುಳ್ಳೆಗಳು

ಪ್ರಶ್ನೆ: ನಾವು ಧಾರವಾಡದವರು, ಪುಣೆಯ ಪಾಷಾಣದಲ್ಲಿ ನೆಲೆಸಿದ್ದೇವೆ. ತಾರಸಿಯ ಕಮಲದ ತೊಟ್ಟಿಗೆ ಕೆರೆಯೊಂದರಿಂದ ತಂದ ಸಸ್ಯಗಳ ಜೊತೆ ಬಸವನಹುಳುಗಳೂ ಬಂದವು. ಮಳೆಗಾಲ ಮುಗಿದ ಮೇಲೆ ಅದರಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳು ಕಾಣಿಸಿಕೊಂಡವು. ಸತ್ತ ಮರಿಯೊಂದನ್ನು ಮಗಳು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೊಟ್ಟೆಯ ಹಿಂಭಾಗದೊಳಗೆ ದುಂಡನೆಯ ಬಿಳಿ ಗುಳ್ಳೆಗಳಿದ್ದವು. ಅವು ಮೊಟ್ಟೆಗಳೇ? ತೊಟ್ಟಿಗೆ ಔಷಧ ಹಾಕಬೇಕೇ?

ಉತ್ತರ: ಮೊಟ್ಟೆಗಳಲ್ಲ, ನೀರಿನಲ್ಲಿರುವ ಮರಿ ಇನ್ನೂ ಮೊಟ್ಟೆಯಿಡುವ ಹಂತಕ್ಕೆ ಬಂದಿರುವುದಿಲ್ಲ. ನೀವು ಹೇಳಿರುವ ಜಾಗವನ್ನು ಗಮನಿಸಿದರೆ, ಅವು ಟ್ರೆಮಟೋಡ್ ಎಂಬ ಪರೋಪಜೀವಿ ಚಪ್ಪಟೆ ಹುಳುವಿನ ಮರಿಗಳಾಗಿರುವ ಸಾಧ್ಯತೆಯೇ ಹೆಚ್ಚು. ಕುರಿಗಳ ಪಿತ್ತಜನಕಾಂಗವನ್ನು ಕೆಡಿಸುವ ಹುಳುವೂ ಇದೇ ಗುಂಪಿನದು. ಗುಳ್ಳೆಗೆ ಸ್ಪಷ್ಟವಾದ ಗೋಡೆಯಿದ್ದು, ಒಳಗೆ ಮಡಚಿಕೊಂಡ ಹುಳು ನಿಧಾನವಾಗಿ ಹೊರಳುತ್ತಿದ್ದರೆ ಅನುಮಾನ ಉಳಿಯುವುದಿಲ್ಲ. ಬರಿಯ ಬಿಳಿ ಚುಕ್ಕಿಯಾದರೆ ಕೀಟದ ಕೊಬ್ಬಿನ ಕಣವೂ ಆಗಿರಬಹುದು.

ಹುಳು ಅಲ್ಲಿಗೇ ಸೇರುವುದಕ್ಕೆ ಕಾರಣವಿದೆ. ಏರೋಪ್ಲೇನ್ ಚಿಟ್ಟೆಯ ಮರಿ ಉಸಿರಾಡುವುದು ಗುದದ್ವಾರದ ಮೂಲಕ: ನೀರನ್ನು ಒಳಗೆಳೆದುಕೊಂಡು, ಗುದನಾಳದ ಗೋಡೆಯಲ್ಲಿರುವ ಕಿವಿರುಗಳಿಂದ ಆಮ್ಲಜನಕ ಹೀರಿ, ಮತ್ತೆ ಹೊರದೂಡುತ್ತದೆ. ಬೆದರಿದಾಗ ಅದೇ ನೀರನ್ನು ಜೋರಾಗಿ ಚಿಮ್ಮಿಸಿ ಮುಂದಕ್ಕೆ ನೆಗೆಯುವುದನ್ನು ನಿಮ್ಮ ಮಗಳು ನೋಡಿಯೇ ಇರಬೇಕು. ಸೋಂಕು ತಗುಲಿದ ಬಸವನಹುಳುವಿನಿಂದ ಹೊರಬಿದ್ದ, ಟ್ರೆಮಟೋಡಿನ ಬಾಲವುಳ್ಳ, ಸರ್ಕೇರಿಯಾ ಎಂಬ ಸೂಕ್ಷ್ಮ ಮರಿಗಳು ಈ ನೀರಿನ ಸೆಳೆತಕ್ಕೆ ಸಿಕ್ಕಿ ಒಳಸೇರುತ್ತವೆ. ಕಪ್ಪೆಯ ಶ್ವಾಸಕೋಶದಲ್ಲಿ ಬೆಳೆಯುವ ಹಿಮಟೋಲೀಕಸ್ ಜಾತಿಯವಕ್ಕಂತೂ ಬಾಯಿಯ ಬಳಿ ಸೂಜಿಯಂಥ ಮುಳ್ಳಿರುತ್ತದೆ. ಅದರಿಂದ ತೆಳುವಾದ ಕಿವಿರನ್ನು ಕೊರೆದು, ಬಾಲ ಕಳಚಿ, ಕವಚ ಕಟ್ಟಿಕೊಂಡು ಕಾಯುತ್ತವೆ. ಮರಿ ಪೊರೆ ಕಳಚಿ ರೆಕ್ಕೆ ಬಿಚ್ಚಿದರೂ ಒಳಗಿನ ಗುಳ್ಳೆ ಹಾಗೆಯೇ ಉಳಿಯುತ್ತದೆ. ಆ ಕೀಟವನ್ನು ಕಪ್ಪೆ ನುಂಗಿದ ಮೇಲೆ ಹುಳು ಹೊಟ್ಟೆಯಿಂದ ಅನ್ನನಾಳವನ್ನೇರಿ ಶ್ವಾಸಕೋಶವನ್ನು ಸೇರಿ, ಅಲ್ಲಿ ಮೊಟ್ಟೆಯಿಡುತ್ತದೆ. ಪ್ರೋಸ್ಥೊಗೋನಿಮಸ್ ಎಂಬ ಇನ್ನೊಂದು ಹುಳು ಹೀಗೆಯೇ ಪಕ್ಷಿಗಳನ್ನು ಸೇರುತ್ತದೆ. ಸಾಕಿದ ಕೋಳಿಗಳು ಇಂಥ ಕೀಟಗಳನ್ನು ತಿಂದರೆ ಅಂಡನಾಳಕ್ಕೆ ಸೋಂಕು ತಗುಲಿ, ಮೆತ್ತನೆಯ ಚಿಪ್ಪಿನ ಮೊಟ್ಟೆ ಇಡುವುದುಂಟು.

ಮನೆಯವರು ಗಾಬರಿಪಡಬೇಕಾಗಿಲ್ಲ. ಗುಳ್ಳೆಯೊಳಗಿನ ಹುಳು ಮುಟ್ಟಿದರೆ ಅಂಟುವುದಿಲ್ಲ, ಅದನ್ನು ನುಂಗಬೇಕು. ಥಾಯ್ಲೆಂಡ್ ಮತ್ತು ಲಾವೋಸ್‌ನಲ್ಲಿ ಇಂಥ ಮರಿಗಳನ್ನು ತಿನ್ನುವ ರೂಢಿಯಿರುವುದರಿಂದ, ಬೇರೆ ಜಾತಿಯ ಕೆಲವು ಟ್ರೆಮಟೋಡುಗಳು ಮನುಷ್ಯರ ಕರುಳಿನಲ್ಲಿಯೂ ಕಂಡುಬಂದಿವೆ. ತೊಟ್ಟಿಯಲ್ಲಿ ಕೈಯಾಡಿಸಿದ ಮೇಲೆ ಸಾಬೂನಿನಿಂದ ತೊಳೆದುಕೊಂಡರೆ ಸಾಕು.

ಔಷಧವನ್ನು ಮಾತ್ರ ದಯವಿಟ್ಟು ಹಾಕಬೇಡಿ. ಬಸವನಹುಳುಗಳನ್ನು ಕೊಲ್ಲಲು ಮೈಲುತುತ್ತ ಸುರಿದರೆ ಗೊದಮೊಟ್ಟೆಗಳೂ ಸಾಯುತ್ತವೆ, ಸೊಳ್ಳೆಮರಿಗಳನ್ನು ತಿಂದು ನಿಮಗೆ ಉಪಕಾರ ಮಾಡುತ್ತಿರುವ ಈ ಮರಿಗಳೂ ಉಳಿಯಲಾರವು. ನಾಲ್ಕಾರು ಗುಳ್ಳೆಗಳನ್ನು ಹೊತ್ತ ಮರಿ ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ. ಸತ್ತದ್ದಕ್ಕೆ ಬೇರೆ ಕಾರಣವೂ ಇರಬಹುದು. ಆದರೆ ತೊಟ್ಟಿಯ ಸಸ್ಯಗಳನ್ನಾಗಲಿ ಬಸವನಹುಳುಗಳನ್ನಾಗಲಿ ಪಾಷಾಣ ಕೆರೆಗೋ ಮುಳಾ ನದಿಗೋ ಬಿಡಬೇಡಿ.

ಮಗಳಿಗೆ ಇನ್ನೊಂದು ಕೆಲಸ ಹೇಳಿ. ಬಸವನಹುಳುವೊಂದನ್ನು ಕ್ಲೋರಿನ್ ಇಲ್ಲದ ಸ್ವಚ್ಛ ನೀರಿರುವ ಗಾಜಿನ ಲೋಟದಲ್ಲಿಟ್ಟು, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಕೆಲವು ಗಂಟೆ ಬಿಟ್ಟು, ಲೋಟದ ಹಿಂದೆ ಕಪ್ಪು ಕಾಗದ ಹಿಡಿದು ಭೂತಗನ್ನಡಿಯಿಂದ ನೋಡಲಿ. ನೀರಿಗೆ ಬೆರಳು ಅದ್ದುವುದು ಬೇಡ. ಸೋಂಕಿದ್ದರೆ ಬಾಲ ಬಡಿಯುತ್ತ ಏರಿಳಿಯುವ ಬಿಳಿ ಕಣಗಳು ಕಾಣಬಹುದು. ಒಂದು ದಿನ ಕಾಣದಿದ್ದರೆ ಬೇರೆ ಬಸವನಹುಳುವನ್ನಿಟ್ಟು ನೋಡಲಿ. ಕಂಡದ್ದನ್ನು ಚಿತ್ರ ಬರೆದು ನಮಗೆ ಕಳುಹಿಸಲಿ.