ಫೈಲಿನ ಹೆಸರು ನಂಬಬೇಡಿ, ಮೊದಲ ಎರಡು ಬೈಟ್ ನೋಡಿ

ಪ್ರಶ್ನೆ: ನಮ್ಮೂರಿನ ಹಾಲಿನ ಸೊಸೈಟಿಯ ಲೆಕ್ಕಕ್ಕೆ ಪೈಥಾನಿನಲ್ಲಿ ಒಂದು ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಕೆಲವು ದಿನ ಸಾದಾ ಸಿಎಸ್‌ವಿ ಫೈಲ್ ಬರುತ್ತದೆ, ಕೆಲವು ದಿನ ಜಿಜಿಪ್ ಮಾಡಿ ಕುಗ್ಗಿಸಿದ್ದು. ಒಮ್ಮೊಮ್ಮೆ ಬೇರೆ ಕಮಾಂಡಿನ ಔಟ್‌ಪುಟ್ಟನ್ನೇ ನೇರವಾಗಿ ಪೈಪ್ ಮಾಡಿ ಕೊಡುತ್ತೇನೆ. ಹೆಸರಿನ ಕೊನೆ ನೋಡಿ ಇಫ್-ಎಲ್ಸ್ ಹಾಕಿದ್ದೆ. ಹೋದ ವಾರ ಹೆಸರಿನಲ್ಲಿ ಸಿಎಸ್‌ವಿ ಅಂತಲೇ ಇದ್ದ ಫೈಲು ಕೈಕೊಟ್ಟಿತು: ಯುಟಿಎಫ್-8ನಲ್ಲಿ 1ನೇ ಸ್ಥಾನದ 0ಎಕ್ಸ್8ಬಿ ಬೈಟ್ ಓದಲು ಆಗಲಿಲ್ಲ ಅಂತ ಎರರ್. ಒಂದೊಂದಕ್ಕೂ ಬೇರೆ ಬೇರೆ ಹ್ಯಾಂಡ್ಲರ್ ಬರೆಯಬೇಕಾ?

ಉತ್ತರ: ಆ ಎರರ್ ಅನ್ನು ಬೈಯುವ ಮುಂಚೆ ಒಂದು ಸಲ ನಿಧಾನವಾಗಿ ಓದಿ. ಕಳ್ಳನ ವಿಳಾಸ ಅದರಲ್ಲೇ ಇದೆ.

ಪೈಥಾನ್ ಸೊನ್ನೆಯಿಂದ ಎಣಿಸುತ್ತದೆ. 1ನೇ ಸ್ಥಾನ ಅಂದರೆ ಎರಡನೇ ಬೈಟ್. ಜಿಜಿಪ್ ಫೈಲು ಯಾವುದೇ ಇರಲಿ, ಹದಿನಾರರ ಎಣಿಕೆಯಲ್ಲಿ (ಹೆಕ್ಸ್) ಮೊದಲ ಬೈಟ್ 1ಎಫ್, ಎರಡನೆಯದು 8ಬಿ. ಬೈಟುಗಳನ್ನು ಅಕ್ಷರವಾಗಿ ಓದುವ ಯುಟಿಎಫ್-8 ಪದ್ಧತಿಗೆ 1ಎಫ್ ಒಪ್ಪಿಗೆಯೇ, ಹಾಗಾಗಿ ತಕರಾರಿಲ್ಲದೆ ದಾಟಿತು. 8ಬಿ ಮಾತ್ರ ಅಕ್ಷರದ ಶುರುವಿನಲ್ಲಿ ಬರುವಂತಿಲ್ಲ. ನಮ್ಮ 'ಋ' ನೋಡಿ: ಇ0, ಬಿ2, 8ಬಿ ಅಂತ ಮೂರು ಬೈಟ್. ಅಲ್ಲಿ ಕೊನೆಯಲ್ಲಿದೆ, ಸರಿ. ನಿಮ್ಮ ಫೈಲಿನಲ್ಲಿ ಹಿಂದೆ ಯಾರೂ ಇಲ್ಲದೆ ಒಂಟಿಯಾಗಿ ಬಂತು, ಪೈಥಾನ್ ಅಲ್ಲೇ ಎಡವಿತು. ಒಟ್ಟಿನಲ್ಲಿ ಯಾರೋ ಜಿಜಿಪ್ ಮಾಡಿದ ಫೈಲಿಗೆ ಸಿಎಸ್‌ವಿ ಅಂತ ಹೆಸರಿಟ್ಟು ಕಳಿಸಿದ್ದಾರೆ.

ಅದಕ್ಕೇ ಹೆಸರು ನೋಡಿ ಹ್ಯಾಂಡ್ಲರ್ ಆರಿಸಬೇಡಿ. ಪೈಥಾನಿನ ಫೈಲ್‌ಇನ್‌ಪುಟ್ ಮಾಡ್ಯೂಲಿನಲ್ಲಿ ಕಂಪ್ರೆಸ್ ಮಾಡಿದ ಫೈಲಿಗೆ ಒಂದು ಹುಕ್ (ಫೈಲ್ ತೆರೆದುಕೊಡುವ ಫಂಕ್ಷನ್) ಸಿದ್ಧವಾಗಿಯೇ ಸಿಗುತ್ತದೆ. ಆದರೆ ಅದೂ ನೋಡುವುದು ಹೆಸರಿನ ಕೊನೆಯನ್ನೇ. ನಿಮ್ಮ ಕೇಸಿನಲ್ಲಿ ಅದೂ ಮೋಸ ಹೋಗುತ್ತಿತ್ತು.

ನಾನಾದರೆ ಹೀಗೆ ಮಾಡುತ್ತೇನೆ. 'ತೆರೆ' ಅಂತ ಒಂದೇ ಫಂಕ್ಷನ್. ಫೈಲಿನ ಹೆಸರು ಕೊಟ್ಟಿದ್ದರೆ ಅದನ್ನು ಬೈನರಿ ಮೋಡಿನಲ್ಲಿ ಓಪನ್ ಮಾಡುತ್ತದೆ. ಹೆಸರಿನ ಜಾಗದಲ್ಲಿ ಬರೀ ಒಂದು ಅಡ್ಡಗೆರೆ ಇದ್ದರೆ ಸಿಸ್ಟಮ್ಮಿನ ಎಸ್‌ಟಿಡಿಇನ್ (ಪೈಪ್ ಅಥವಾ ಕೀಬೋರ್ಡಿನಿಂದ ಇನ್‌ಪುಟ್ ಬರುವ ದಾರಿ) ಒಳಗಿರುವ ಬಫರ್ ತೆಗೆದುಕೊಳ್ಳುತ್ತದೆ. ಎರಡೂ ಕಡೆ ಕೈಗೆ ಬರುವುದು ಬೈಟುಗಳೇ. ಆಮೇಲೆ ಮೊದಲ ಎರಡು ಬೈಟ್ ನೋಡುವುದು.

ಇಲ್ಲಿ ಬಹಳ ಜನ ಜಾರುತ್ತಾರೆ. ರೀಡ್ ಅಂತ ಓದಿ, ಸೀಕ್ ಮಾಡಿ ಮತ್ತೆ ಶುರುವಿಗೆ ಹೋಗೋಣ ಅಂದುಕೊಳ್ಳುತ್ತಾರೆ. ಫೈಲಿಗೆ ಅದು ನಡೆಯುತ್ತದೆ, ಪೈಪಿಗೆ ನಡೆಯುವುದಿಲ್ಲ. ನಲ್ಲಿಯಿಂದ ಬಿದ್ದ ನೀರು ವಾಪಸ್ ನಲ್ಲಿಗೆ ಹೋಗುತ್ತದಾ? ಅದಕ್ಕೆ ಪೀಕ್ ಬಳಸಿ. ಅದು ಇಣುಕಿ ನೋಡುತ್ತದೆ, ಬೈಟುಗಳನ್ನು ಖರ್ಚು ಮಾಡುವುದಿಲ್ಲ. ಎರಡು ಕೇಳಿದರೆ ಜಾಸ್ತಿಯೇ ಕೊಡಬಹುದು, ಮೊದಲ ಎರಡನ್ನು ಕತ್ತರಿಸಿಕೊಳ್ಳಿ.

1ಎಫ್, 8ಬಿ ಕಂಡರೆ ಅದೇ ಸ್ಟ್ರೀಮನ್ನು ಜಿಜಿಪ್ ಮಾಡ್ಯೂಲಿನ ಓಪನ್‌ಗೆ ಕೊಡಿ. ಮೋಡ್ 'ಆರ್‌ಟಿ' ಅಂತ ಬರೆಯುವುದು ಮರೆಯಬೇಡಿ. ಬರೆಯದಿದ್ದರೆ ಅದು ಸುಮ್ನೆ ಬೈಟುಗಳನ್ನೇ ಕೊಡುತ್ತದೆ, ಸಿಎಸ್‌ವಿ ರೀಡರ್ ನನಗೆ ಸ್ಟ್ರಿಂಗ್ ಬೇಕು ಅಂತ ಹಠ ಹಿಡಿಯುತ್ತದೆ. ಜಿಜಿಪ್ ಅಲ್ಲದಿದ್ದರೆ ಟೆಕ್ಸ್ಟ್‌ಐಒರ್‍ಯಾಪರ್ ಹೊದಿಸಿ ಬೈಟುಗಳನ್ನು ಅಕ್ಷರ ಮಾಡಿಕೊಂಡರೆ ಮುಗಿಯಿತು. ಎರಡಕ್ಕೂ ಎನ್‌ಕೋಡಿಂಗ್ 'ಯುಟಿಎಫ್-8-ಸಿಗ್' ಅಂತಲೇ ಹಾಕಿ. ಎಕ್ಸೆಲ್‌ನಲ್ಲಿ ಸಿಎಸ್‌ವಿ ಯುಟಿಎಫ್-8 ಅಂತ ಸೇವ್ ಮಾಡಿದರೆ ಫೈಲಿನ ತಲೆಯಲ್ಲಿ ಕಣ್ಣಿಗೆ ಕಾಣದ ಮೂರು ಬೈಟ್ ಸೇರಿಕೊಳ್ಳುತ್ತವೆ. ಆಗ 'ಸದಸ್ಯರ ಸಂಖ್ಯೆ' ಅನ್ನುವ ಕಾಲಂ ಕಣ್ಣೆದುರೇ ಇದ್ದರೂ ಪೈಥಾನ್ ಇಲ್ಲ ಅನ್ನುತ್ತದೆ. ಸಿಗ್ ಹಾಕಿದರೆ ಆ ಮೂರನ್ನು ನುಂಗಿಬಿಡುತ್ತದೆ, ಇಲ್ಲದಿದ್ದರೂ ತೊಂದರೆಯಿಲ್ಲ.

ಮೊದಲ ಎರಡು ಬೈಟ್ 'ಪಿ', 'ಕೆ' ಆಗಿದ್ದರೆ ಅದು ಜಿಪ್. ಆ ಫಾರ್ಮ್ಯಾಟ್ ಮಾಡಿದ ಫಿಲ್ ಕಾಟ್ಸ್ ತನ್ನ ಹೆಸರಿನ ಮೊದಲಕ್ಷರಗಳನ್ನೇ ಅಲ್ಲಿ ಒತ್ತಿದ್ದಾನೆ. ಆದರೆ ಎಕ್ಸೆಲ್‌ನ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲೂ ಒಳಗೆ ಜಿಪ್ಪೇ, ಅಲ್ವಾ? ಹಾಗಾಗಿ ಪಿಕೆ ಕಂಡ ಕೂಡಲೇ ಬಿಚ್ಚಲು ಹೋಗಬೇಡಿ. ಇನ್ನೊಂದು ವಿಷಯ, ಜಿಪ್‌ನ ಪರಿವಿಡಿ ಇರುವುದು ಫೈಲಿನ ಕೊನೆಯಲ್ಲಿ. ಪೈಪಿನಿಂದ ಬಂದರೆ ಇಡೀ ಫೈಲು ಬರುವವರೆಗೆ ಕಾದು, ಮೆಮೊರಿಯಲ್ಲಿ ಇಟ್ಟುಕೊಂಡೇ ತೆರೆಯಬೇಕು. ನಿಮ್ಮ ಕೆಲಸಕ್ಕೆ ಇದೆಲ್ಲ ಬೇಡ. 'ಇದು ಜಿಪ್ ಅಥವಾ ಎಕ್ಸೆಲ್ ಫೈಲು, ಸಿಎಸ್‌ವಿ ಕಳಿಸಿ' ಅಂತ ಮೆಸೇಜ್ ಕೊಟ್ಟು ನಿಲ್ಲಿಸಿಬಿಡಿ.

ಯಾರಾದರೂ ಎನ್‌ಕೋಡಿಂಗ್ ಲ್ಯಾಟಿನ್-1 ಮಾಡಿ ನೋಡಿ, ಎರರ್ ಹೋಗುತ್ತದೆ ಅಂತ ಹೇಳಿದರೆ ಕೇಳಬೇಡಿ. ಎರರ್ ಹೋಗುವುದು ನಿಜ. ಅದು 256 ಬೈಟ್‌ಗಳಲ್ಲಿ ಯಾವುದನ್ನೂ ಬೇಡ ಅನ್ನುವುದಿಲ್ಲ, ಜಿಜಿಪ್ಪನ್ನೂ ಅಕ್ಷರ ಅಂದುಕೊಂಡು ಓದುತ್ತದೆ. ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಬಂದರೂ ಹೀಗೇ. 'ಕನ್ನಡ' ಅನ್ನುವ ಪದ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು ಎಲ್ಲ ಕಲಸಿಕೊಂಡು ಕಾಣುತ್ತದೆ. ಅದು ಎನ್‌ಕೋಡಿಂಗ್ ಬದಲಿಸಿದರೆ ಸರಿಹೋಗುವ ರೋಗ ಅಲ್ಲ, ಯೂನಿಕೋಡ್ ಪರಿವರ್ತಕಕ್ಕೇ ಕೊಡಬೇಕು.

ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಆರಿಸುವ ಕೆಲಸವೆಲ್ಲ 'ತೆರೆ' ಒಳಗೇ ಇರಲಿ. ಲೀಟರ್, ಫ್ಯಾಟ್ ಲೆಕ್ಕ ಮಾಡುವ ಕೋಡಿಗೆ ಸಾಲುಗಳು ಎಲ್ಲಿಂದ ಬಂದವು ಅನ್ನುವುದು ಗೊತ್ತೇ ಇರಬಾರದು.

ಪ್ರಶ್ನೆ: ಫೈಲಿನ ಹೆಸರು ಕೊಡಲು ಮರೆತರೆ ನನ್ನ ಸ್ಕ್ರಿಪ್ಟ್ ಹ್ಯಾಂಗ್ ಆಗುತ್ತದೆ. ಯಾಕೆ?

ಉತ್ತರ: ಹ್ಯಾಂಗ್ ಆಗಿಲ್ಲ, ನೀವು ಟೈಪ್ ಮಾಡಲಿ ಅಂತ ಕಾಯುತ್ತಿದೆ. ನಾನೂ ಒಮ್ಮೆ ದೊಡ್ಡ ಫೈಲು, ಟೈಮ್ ಹಿಡಿಯುತ್ತದೆ ಅಂತ ಕಾಫಿಗೆ ಹೋಗಿ ಬಂದಿದ್ದೆ. ವಾಪಸ್ ಬಂದರೂ ಕರ್ಸರ್ ಮಿನುಗುತ್ತಲೇ ಇತ್ತು. ಎಸ್‌ಟಿಡಿಇನ್ ಓದುವ ಮುಂಚೆ ಅದರ ಇಸ್‌ಎಟಿಟಿವೈ ಕೇಳಿ. ನಿಜ ಅಂತ ಬಂದರೆ ಆ ಕಡೆ ಪೈಪ್ ಇಲ್ಲ, ಕೀಬೋರ್ಡ್ ಇದೆ ಅಂತ ಅರ್ಥ. ಬಳಸುವುದು ಹೇಗೆ ಅಂತ ಎರಡು ಸಾಲು ತೋರಿಸಿ ಹೊರಗೆ ಬನ್ನಿ.