ಬುಕಿಂಗ್ ಮೇಲ್ ಜಿಮೇಲ್‌ಗೆ ಸೇರುತ್ತಿಲ್ಲ, ಮಳೆ ಬಂದರೆ ಕ್ಯೂನಲ್ಲೇ ನಿಲ್ಲುತ್ತದೆ: ಪೋಸ್ಟ್‌ಫಿಕ್ಸ್‌ನಲ್ಲಿ ಏನು ಬದಲಿಸಬೇಕು?

ಗೋಣಿಕೊಪ್ಪದ ಆಫೀಸಿನಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ ಸಾಫ್ಟ್‌ವೇರ್), ಮನೆಬಳಕೆಯ ಫೈಬರ್ ಕನೆಕ್ಷನ್, ಕೆಲವು ಹೋಂಸ್ಟೇಗಳ ಬುಕಿಂಗ್ ಮೇಲ್ ಅಲ್ಲಿಂದಲೇ ಹೋಗಬೇಕು. ಒಂದಿಷ್ಟು ಸ್ಪ್ಯಾಮ್‌ಗೆ ಬೀಳುತ್ತವೆ, ಒಂದಿಷ್ಟು ವಾಪಸ್ ಬರುತ್ತವೆ, ಮಳೆ ಹಿಡಿದಾಗ ಎಲ್ಲವೂ ಕ್ಯೂನಲ್ಲಿ, ಅಂದರೆ ಹೊರಡಲು ಕಾಯುವ ಮೇಲ್‌ಗಳ ಸಾಲಿನಲ್ಲಿ. ಕ್ಯೂ ಸೆಟ್ಟಿಂಗ್ ಹೇಗೆ ಬದಲಿಸಲಿ ಅಂತ ಕೇಳಿದ್ದೀರಿ.

ಕ್ಯೂಗೆ ಆಮೇಲೆ ಬರೋಣ. ನಿಮ್ಮ ಮೊದಲ ತೊಂದರೆ ಗುರುತಿನದು. ಮನೆಬಳಕೆಯ ಕನೆಕ್ಷನ್‌ನ ಐಪಿ (ನೆಟ್‌ನಲ್ಲಿನ ವಿಳಾಸ) ಬದಲಾಗುತ್ತಿರುತ್ತದೆ, ಅದರ ಪಿಟಿಆರ್ ದಾಖಲೆ (ಆ ಐಪಿ ಯಾವ ಹೆಸರಿನದು ಅಂತ ಹೇಳುವುದು) ನಿಮ್ಮ ಕೈಯಲ್ಲಿಲ್ಲ. ಇಂಥ ಐಪಿಗಳಿಂದ ನೇರವಾಗಿ ಮೇಲ್ ಬರಬಾರದು ಅಂತ ಸ್ಪ್ಯಾಮ್ ತಡೆಯುವ ಸಂಸ್ಥೆಯಾದ ಸ್ಪ್ಯಾಮ್‌ಹಾಸ್‌ನ ಪಿಬಿಎಲ್ ಪಟ್ಟಿಯೇ ಇದೆ. ಅಲ್ಲಿಂದ 25ರ ಪೋರ್ಟ್‌ನಲ್ಲಿ (ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವ ದಾರಿ) ನೇರವಾಗಿ ಕಳಿಸುತ್ತಿರುವವರೆಗೆ ಯಾವ ಸೆಟ್ಟಿಂಗ್ ಬದಲಿಸಿಯೂ ಉಪಯೋಗವಿಲ್ಲ. ಸ್ಥಿರ ಐಪಿ ಇರುವ ಒಂದು ಸಣ್ಣ ವಿಪಿಎಸ್ (ನೆಟ್‌ನಲ್ಲಿ ಬಾಡಿಗೆಗೆ ಸಿಗುವ ಸರ್ವರ್) ತೆಗೆದುಕೊಳ್ಳಿ. ಪೈ ಮೇಲ್ ಜೋಡಿಸಿಟ್ಟು 587ರ ಪೋರ್ಟ್ (ಪಾಸ್‌ವರ್ಡ್ ಕೊಟ್ಟು ಮೇಲ್ ಒಪ್ಪಿಸುವ ದಾರಿ) ಮೂಲಕ ಅದಕ್ಕೆ ದಾಟಿಸಲಿ, ಹೊರಜಗತ್ತಿನ ಜೊತೆ ಮಾತಾಡುವ ಕೆಲಸ ವಿಪಿಎಸ್‌ನದು. ದುಡ್ಡು ಕಟ್ಟುವ ಮೊದಲೇ ಎರಡು ವಿಷಯ ಕೇಳಿ: 25ರ ಪೋರ್ಟ್ ಹೊರಗೆ ತೆರೆದಿದೆಯೇ, ಪಿಟಿಆರ್ ನಾವೇ ಹಾಕಬಹುದೇ? ಹೊಸ ಖಾತೆಗಳಿಗೆ 25 ಮುಚ್ಚಿಟ್ಟಿರುವವರು ಬಹಳ. ಸಿಕ್ಕಿದ ಐಪಿ ಯಾವುದಾದರೂ ಕಪ್ಪುಪಟ್ಟಿಯಲ್ಲಿದೆಯೇ ಅಂತಲೂ ಮೊದಲೇ ನೋಡಿ, ಇದ್ದರೆ ಬೇರೆ ಐಪಿ ಕೇಳಿ.

ಪೈಯ ಪೋಸ್ಟ್‌ಫಿಕ್ಸ್ ಸೆಟ್ಟಿಂಗ್‌ನಲ್ಲಿ, ಮೇಲ್ ಯಾರಿಗೆ ದಾಟಿಸಬೇಕು ಅಂತ ಹೇಳುವ ರಿಲೇಹೋಸ್ಟ್ ಸಾಲಿನಲ್ಲಿ ವಿಪಿಎಸ್‌ನ ಹೆಸರನ್ನು ಚೌಕ ಬ್ರ್ಯಾಕೆಟ್ ಒಳಗೆ ಬರೆದು, ಮುಂದೆ ಕೋಲನ್ ಹಾಕಿ 587 ಕೊಡಿ. ಬ್ರ್ಯಾಕೆಟ್ ಬಿಟ್ಟರೆ ಪೋಸ್ಟ್‌ಫಿಕ್ಸ್ ಆ ಹೆಸರಿನ ಎಂಎಕ್ಸ್ (ಆ ಹೆಸರಿಗೆ ಬರುವ ಮೇಲ್ ಪಡೆಯುವ ಸರ್ವರ್) ಹುಡುಕಿಕೊಂಡು ಬೇರೆಲ್ಲೋ ಹೋಗುತ್ತದೆ. ಸಾಸ್ಲ್ (ಪಾಸ್‌ವರ್ಡ್ ಕೊಟ್ಟು ಒಳಹೋಗುವ ವ್ಯವಸ್ಥೆ) ಆನ್ ಮಾಡಿ, ಪಾಸ್‌ವರ್ಡ್ ಫೈಲಿಗೆ ಪೋಸ್ಟ್‌ಮ್ಯಾಪ್ ಆಜ್ಞೆ ಓಡಿಸಿ, ಅನುಮತಿ 600 ಇಡಿ, ಅಂದರೆ ಫೈಲಿನ ಒಡೆಯರಷ್ಟೇ ಓದುವಂತೆ. ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿ) ಮಟ್ಟ ಇಲ್ಲಿ 'ಎನ್‌ಕ್ರಿಪ್ಟ್' (ಕಡ್ಡಾಯ), ವಿಪಿಎಸ್ ಹೊರಗೆ ಕಳಿಸುವಾಗ 'ಮೇ' (ಸಾಧ್ಯವಾದರೆ). ಲಾಗ್‌ನಲ್ಲಿ 'ನೋ ಮೆಕ್ಯಾನಿಸಂ ಅವೈಲಬಲ್' ಅಂತ ಬಂದರೆ ಪಾಸ್‌ವರ್ಡ್ ತಪ್ಪಿದೆ ಅಂದುಕೊಂಡು ಒದ್ದಾಡಬೇಡಿ. ಒಂದೋ ಲಿಬ್‌ಸಾಸ್ಲ್2-ಮಾಡ್ಯೂಲ್ಸ್ ಪ್ಯಾಕೇಜ್ ಹಾಕಿಲ್ಲ, ಇಲ್ಲವೇ ಸೆಕ್ಯುರಿಟಿ ಆಪ್ಷನ್ಸ್‌ನಲ್ಲಿ ಮೊದಲಿನಿಂದ ಇರುವ 'ನೋಪ್ಲೇನ್‌ಟೆಕ್ಸ್ಟ್' ಹಾಗೇ ಉಳಿದಿದೆ. 'ನೋಅನಾನಿಮಸ್' ಒಂದೇ ಇರಲಿ.

ವಿಪಿಎಸ್‌ನಲ್ಲಿ ಮೈಹೋಸ್ಟ್‌ನೇಮ್ (ಸರ್ವರ್ ಹೇಳಿಕೊಳ್ಳುವ ಹೆಸರು), ಆ ಹೆಸರಿನ ಎ ದಾಖಲೆ (ಹೆಸರಿಗೆ ಐಪಿ ಹೇಳುವುದು), ಐಪಿಯ ಪಿಟಿಆರ್, ಈ ಮೂರೂ ಒಂದಕ್ಕೊಂದು ಹೊಂದಬೇಕು. ಪಿಟಿಆರ್ ಹಾಕುವುದು ಐಪಿ ಕೊಟ್ಟವರ ಪ್ಯಾನೆಲ್‌ನಲ್ಲಿ. ಡೊಮೈನ್ ಕೊಂಡ ಜಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ. ವಿಪಿಎಸ್‌ಗೆ ಐಪಿವಿ6 ಕೂಡ ಇದ್ದರೆ ಅದಕ್ಕೂ ಪಿಟಿಆರ್ ಬೇಕು, ಆಗದಿದ್ದರೆ ಇನೆಟ್ ಪ್ರೋಟೋಕಾಲ್ಸ್ ಸಾಲಿನಲ್ಲಿ ಐಪಿವಿ4 ಮಾತ್ರ ಬಿಡಿ. 'ಕೆಲವು ಹೋಗುತ್ತವೆ, ಕೆಲವು ಹೋಗಲ್ಲ' ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ.

2024ರ ಫೆಬ್ರವರಿಯಿಂದ ಜಿಮೇಲ್ ಎಲ್ಲರಿಂದಲೂ ಎಸ್‌ಪಿಎಫ್ (ನಿಮ್ಮ ಡೊಮೈನ್ ಹೆಸರಿನಲ್ಲಿ ಯಾವ ಸರ್ವರ್ ಕಳಿಸಬಹುದು ಅನ್ನುವ ದಾಖಲೆ) ಅಥವಾ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಕೇಳುತ್ತಿದೆ. ದಿನಕ್ಕೆ 5000ಕ್ಕೂ ಹೆಚ್ಚು ಕಳಿಸುವವರಿಗೆ ಎರಡರ ಜೊತೆ ಡಿಮಾರ್ಕ್ (ಆ ಎರಡೂ 'ಫ್ರಮ್' ವಿಳಾಸಕ್ಕೆ ಹೊಂದದಿದ್ದರೆ ಮೇಲ್ ಏನು ಮಾಡಬೇಕು ಅನ್ನುವ ಸೂಚನೆ) ಕೂಡ ಕಡ್ಡಾಯ. ನಿಮ್ಮ ಲೆಕ್ಕ ಅಷ್ಟಿಲ್ಲದಿದ್ದರೂ ಮೂರನ್ನೂ ಹಾಕಿ. ಎಸ್‌ಪಿಎಫ್ ಒಂದೇ ಸಾಲಿರಲಿ, ಎರಡಾದರೆ ಎರಡೂ ಕೆಡುತ್ತವೆ. ಡಿಕಿಮ್ ಕೀ 2048 ಬಿಟ್‌ನದು ಮಾಡಿ, ವಿಪಿಎಸ್‌ನಲ್ಲೇ ಸಹಿ ಬೀಳಲಿ. ಅಷ್ಟುದ್ದದ ಕೀಯನ್ನು ಡೊಮೈನ್‌ನ ಟಿಎಕ್ಸ್‌ಟಿ ದಾಖಲೆಯಲ್ಲಿ 255 ಅಕ್ಷರದೊಳಗಿನ ತುಂಡುಗಳಾಗಿ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಡಿಮಾರ್ಕ್ ಮೊದಲು 'ನನ್' (ಏನೂ ಮಾಡಬೇಡಿ) ಇಟ್ಟು, ಎರಡು ಮೂರು ವಾರ ವರದಿ ನೋಡಿ, ಆಮೇಲೆ 'ಕ್ವಾರಂಟೀನ್' (ಸ್ಪ್ಯಾಮ್‌ಗೆ ಹಾಕಿ).

ಹೋಂಸ್ಟೇ ಬುಕಿಂಗ್‌ನಲ್ಲಿ ತುಂಬ ಕಾಣುವ ತಪ್ಪೊಂದಿದೆ: ಮನೆಯವರ ಜಿಮೇಲ್ ವಿಳಾಸವನ್ನೇ 'ಫ್ರಮ್'ನಲ್ಲಿ ಹಾಕಿ ನಿಮ್ಮ ಸರ್ವರ್‌ನಿಂದ ಕಳಿಸುವುದು. ಆಗ ಸಹಿ ನಿಮ್ಮ ಡೊಮೈನ್‌ನದು, ಹೆಸರು ಜಿಮೇಲ್‌ನದು. ಡಿಮಾರ್ಕ್‌ಗೆ ಎರಡೂ ಹೊಂದುವುದಿಲ್ಲ, ಮೇಲ್ ಸ್ಪ್ಯಾಮ್‌ಗೆ ಹೋಗಬಹುದು. 'ಫ್ರಮ್'ನಲ್ಲಿ ನಿಮ್ಮ ಡೊಮೈನ್‌ನ ವಿಳಾಸ ಇರಲಿ, ಮನೆಯವರ ಜಿಮೇಲ್ 'ರಿಪ್ಲೈ-ಟು'ನಲ್ಲಿ ಇರಲಿ.

ಇನ್ನು ಕ್ಯೂ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಸಿಲ್ವರ್ ಓಕ್ ಮರವೊಂದು ಲೈನಿನ ಮೇಲೆ ಬಿದ್ದರೆ ಫೈಬರ್ ಎರಡು ಮೂರು ದಿನ ಇಲ್ಲದಿರುವುದೂ ಉಂಟು. ಮೇಲ್ ಕ್ಯೂನಲ್ಲಿರುವ ಅವಧಿ ಪೋಸ್ಟ್‌ಫಿಕ್ಸ್‌ನಲ್ಲಿ 5 ದಿನ, ಅದನ್ನು ಇಳಿಸಬೇಡಿ. ಇಳಿಸಬೇಕಾದದ್ದು ಮ್ಯಾಕ್ಸಿಮಲ್ ಬ್ಯಾಕಾಫ್ ಟೈಮ್, ಅಂದರೆ ಒಂದು ಪ್ರಯತ್ನದಿಂದ ಇನ್ನೊಂದಕ್ಕೆ ಇರಬಹುದಾದ ಅತಿ ಹೆಚ್ಚಿನ ಅಂತರ. ಅದು 4000 ಸೆಕೆಂಡ್ ಇರುವುದರಿಂದ ಲೈನ್ ಬಂದ ಮೇಲೂ ಮೇಲ್ ಒಂದು ಗಂಟೆಗೂ ಹೆಚ್ಚು ಸುಮ್ಮನೆ ಕೂರಬಹುದು. ಪೈಯಲ್ಲಿ 900 ಮಾಡಿ, ಮಿನಿಮಲ್ ಬ್ಯಾಕಾಫ್ 300 ಇರಲಿ. ತಕ್ಷಣ ಹೋಗಬೇಕಿದ್ದರೆ ಪೋಸ್ಟ್‌ಕ್ಯೂ ಆಜ್ಞೆಗೆ 'ಎಫ್' ಆಯ್ಕೆ ಕೊಟ್ಟು ಓಡಿಸಿ. ಕೂತ ಇನ್ನೂರು ಮೇಲ್ ಒಟ್ಟಿಗೆ ಹೊರಟರೆ ಹೊಸ ಐಪಿಯನ್ನು ಜಿಮೇಲ್ 421 (ಈಗ ಬೇಡ, ಆಮೇಲೆ ಬನ್ನಿ) ಹೇಳಿ ತಡೆಯಬಹುದು. ವಿಪಿಎಸ್‌ನಲ್ಲಿ ಎಸ್‌ಎಂಟಿಪಿ ಡೆಸ್ಟಿನೇಷನ್ ರೇಟ್ ಡಿಲೇ 1 ಸೆಕೆಂಡ್ ಇಟ್ಟರೆ ಒಂದು ಡೊಮೈನ್‌ಗೆ ಒಂದರ ಹಿಂದೊಂದು ಹೋಗುತ್ತವೆ, ಇನ್ನೂರಕ್ಕೆ ಕೆಲವು ನಿಮಿಷ ಸಾಕು. ರಿಲೇ ಇದ್ದರೆ ಇನ್ನೊಂದು ಅನುಕೂಲ: 587ರಲ್ಲಿ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವುದರಿಂದ ಪೈ ಯಾವ ಐಪಿಯಲ್ಲಿದೆ ಅನ್ನುವುದು ಮುಖ್ಯವಲ್ಲ. ಫೈಬರ್ ಸತ್ತರೆ ಸಿಮ್ ಹಾಕಿದ ಡಾಂಗಲ್‌ನಿಂದಲೂ ಕಳಿಸಬಹುದು.

ಮೇಲ್ ತಡವಾದರೆ ಎಚ್ಚರಿಸುವ ಡಿಲೇ ವಾರ್ನಿಂಗ್ ಟೈಮ್ ಮೊದಲಿನಿಂದ ಸೊನ್ನೆ ಇರುತ್ತದೆ, ಅಂದರೆ ಮೇಲ್ ನಿಂತರೂ ನಿಮಗೆ ಸುದ್ದಿಯಿಲ್ಲ. 1 ಗಂಟೆ ಮಾಡಿ. ಅತಿಥಿ ಬೆಂಗಳೂರಿನಿಂದ ಹೊರಡುವ ಮೊದಲು ಫೋನಾದರೂ ಮಾಡಬಹುದು. ಆದರೆ ಆ ಎಚ್ಚರಿಕೆಯೂ ಮೇಲ್ ಆಗಿಯೇ ಬರುವುದು. ಕಳಿಸಿದವರ ಅಂಚೆಪೆಟ್ಟಿಗೆ ಹೊರಗಿದ್ದರೆ ಎಚ್ಚರಿಕೆಯೂ ಅದೇ ಕ್ಯೂನಲ್ಲಿ ಸಿಕ್ಕಿಬೀಳುತ್ತದೆ. ಪೈಯ ಒಳಗಿನ ಪೆಟ್ಟಿಗೆಗೇ ಅದು ತಲುಪುವಂತೆ ಮಾಡಿ.

ಪೈ 4ರಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದು, ನೆಟ್ ಇನ್ನೂ ಬಂದಿಲ್ಲದಿದ್ದರೆ ಅದು ಹಳೆಯ ಸಮಯ ಹಿಡಿದುಕೊಂಡೇ ಏಳುತ್ತದೆ; ಆ ಹೊತ್ತಿನಲ್ಲಿ ಬರೆದ ಮೇಲ್‌ಗಳ ತಾರೀಖು ತಪ್ಪುತ್ತದೆ, ಸ್ಪ್ಯಾಮ್ ಅಂಕ ಏರುತ್ತದೆ. ಬ್ಯಾಟರಿಯ ಮೇಲೆ ನಡೆಯುವ ಡಿಎಸ್3231 ಗಡಿಯಾರ ಮಾಡ್ಯೂಲ್ ಒಂದನ್ನು ಜೋಡಿಸಿ, ಜೊತೆಗೆ ನೆಟ್‌ನಿಂದ ಸಮಯ ಸರಿಪಡಿಸುವ ಕ್ರೋನಿ ಹಾಕಿ. ಪೈ, ರೂಟರ್, ಫೈಬರ್‌ನ ಪೆಟ್ಟಿಗೆ ಮೂರೂ ಒಂದೇ ಯುಪಿಎಸ್ ಮೇಲಿರಲಿ.